ಸೋತವರ ಋಣ

ಒಬ್ಬನಿಂದ ಇನ್ನೊಬ್ಬನು ನಿರಾಶೆ ಹೊಂದಿದನೆಂದರೆ, ಅವರಿಬ್ಬರ ನಡುವೆ ಮೊದಲು ಏನೋ ಒಂದು ಮಾತು ನಡೆದಿದ್ದಿರಬೇಕೆಂದು ಮೇಲುನೋಟಕ್ಕೆ ತೋರುತ್ತದೆ. ಸಾಲಗಾರನು ಹೇಳಿದ ದಿನಕ್ಕೆ ಬರಲಿಲ್ಲ. ಸಾಲ ಕೊಟ್ಟವನಿಗೆ ನಿರಾಶೆಯಾಯಿತು. ಮಳೆ ಹೇಳಿದ ನಕ್ಷತ್ರಕ್ಕೆ ಬರಲಿಲ್ಲ, ಒಕ್ಕಲಿಗನಿಗೆ ನಿರಾಶೆಯಾಯಿತು. ಎರಡಕ್ಕೂ ಜನ ಬಳಸುವ ಮಾತು ಒಂದೇ. ಆದರೆ ಸಾಲಗಾರನು ಮಾಡಿದ್ದು ವಚನಭಂಗ. ಮೋಡವು ಯಾರಿಗೂ ವಚನ ಕೊಟ್ಟಿರಲಿಲ್ಲ. ಮೊದಲನೆಯದರಲ್ಲಿ ನಿರಾಶೆಯೊಡನೆ ಅನ್ಯಾಯವೂ ಉಂಟು. ಎರಡನೆಯದರಲ್ಲಿ ನಿರಾಶೆ ಮಾತ್ರ. ಹೀಗಿರಲು, ಒಂದು ದೇಶದ ಹೆಸರನ್ನು ಹೊತ್ತು ಆಡಲು ಹೋದ ಹನ್ನೊಂದು ಮಂದಿ ಸೋತು ಬಂದಾಗ, ಮನೆಯಲ್ಲಿ ಕುಳಿತು ನೋಡಿದ ಕೋಟ್ಯಂತರ ಜನಕ್ಕೆ ಆಗುವ ನಿರಾಶೆ ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದು? ಆಟಗಾರನು ಅವರಿಗೆ ಸಾಲಗಾರನೆ, ಇಲ್ಲವೆ ಮೋಡವೆ?

ಪ್ರಶ್ನೆಯು ಹುಡುಗಾಟದ್ದೆಂದು ತೋರಬಹುದು. ೨೦೦೭ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಅದು ಹುಡುಗಾಟದ್ದಾಗಿರಲಿಲ್ಲ.

ಆ ವರ್ಷದ ವಿಶ್ವಕಪ್ ಕ್ರಿಕೆಟ್ ಪಂದ್ಯಗಳು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ನಡೆದುವು. ಹದಿನಾರು ತಂಡಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದ್ದರು. ಗುಂಪಿನಲ್ಲಿ ಮೊದಲ ಎರಡು ಸ್ಥಾನ ಪಡೆದವರು ಮುಂದಿನ ಸುತ್ತಿಗೆ ಹೋಗತಕ್ಕದ್ದು. ನಾಲ್ಕು ವರ್ಷಗಳ ಹಿಂದೆ ಅಂತಿಮ ಪಂದ್ಯದವರೆಗೂ ಏರಿದ್ದ ಭಾರತದ ತಂಡಕ್ಕೆ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರು ನಾಯಕರು. ಅನಿಲ್ ಕುಂಬ್ಳೆ, ರಾಬಿನ್ ಉತ್ತಪ್ಪ ಎಂಬ ಕನ್ನಡನಾಡಿನ ಇನ್ನಿಬ್ಬರೂ ಅದರಲ್ಲಿದ್ದರು. ಮಾರ್ಚಿ ೧೭ನೆಯ ತಾರೀಖು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್ ನಗರದಲ್ಲಿ ಬಾಂಗ್ಲಾದೇಶದ ಎದುರು ಮೊದಲು ಬ್ಯಾಟು ಹಿಡಿದ ಭಾರತವು ೧೯೧ ರನ್ನುಗಳಿಗೆ ಮುಗಿದುಹೋಯಿತು. ಬಾಂಗ್ಲಾದೇಶವು ಐದೇ ವಿಕೆಟ್ಟುಗಳನ್ನು ಕಳೆದುಕೊಂಡು, ಇನ್ನೂ ಒಂಬತ್ತು ಚೆಂಡು ಉಳಿದಿರುವಾಗಲೇ ಗೆದ್ದಿತು. ಎರಡು ದಿನಗಳ ಮೇಲೆ ಬರ್ಮುಡಾ ತಂಡದ ವಿರುದ್ಧ ಭಾರತ ೪೧೩ ರನ್ನು ಹೊಡೆದು, ೨೫೭ ರನ್ನುಗಳ ಅಂತರದಿಂದ ಜಯ ಪಡೆದದ್ದು ಸಮಾಧಾನಕ್ಕಾಯಿತೇ ಹೊರತು ಉಪಯೋಗಕ್ಕಾಗಲಿಲ್ಲ. ೨೩ನೆಯ ತಾರೀಖು ಶ್ರೀಲಂಕೆಯ ೨೫೪ನ್ನು ಬೆನ್ನಟ್ಟಿ ಹೋಗಿ ೧೮೫ಕ್ಕೆ ನಿಂತಿತು. ಆ ದಿನ ಸಚಿನ್ ತೆಂಡೂಲ್ಕರ್ ಅವರದೂ ಸೊನ್ನೆ, ಮಹೇಂದ್ರ ಸಿಂಗ್ ಧೋನಿಯವರದೂ ಸೊನ್ನೆ.

ಇಷ್ಟಾದ ಮೇಲೂ ಆಶೆ ಪೂರ್ತಿಯಾಗಿ ಸಾಯಲಿಲ್ಲ. ೨೫ನೆಯ ತಾರೀಖು ಬರ್ಮುಡಾ ತಂಡವು ಬಾಂಗ್ಲಾದೇಶವನ್ನು ಸೋಲಿಸಿದ್ದೇ ಆದರೆ, ರನ್ನುಗಳ ಲೆಕ್ಕಾಚಾರದಿಂದ ಭಾರತಕ್ಕೆ ಮುಂದಿನ ಸುತ್ತಿನ ಬಾಗಿಲು ತೆರೆಯುವಂತಿತ್ತು. ಅರವತ್ತು ಸಾವಿರ ಚಿಲ್ಲರೆ ಜನರಿರುವ ಆ ಪುಟ್ಟ ದ್ವೀಪದ ತಂಡವನ್ನು ನಾಲ್ಕು ದಿನಗಳ ಹಿಂದೆ ಚಚ್ಚಿ ಹಾಕಿದ್ದ ನೂರು ಕೋಟಿ ಜನರ ದೇಶವು, ಈಗ ಅದಕ್ಕೆ ಎರಡು ದಿನ ಕೂತು ಶುಭ ಕೋರಬೇಕಾಯಿತು. ಬಾಂಗ್ಲಾದೇಶವು ಏಳು ವಿಕೆಟ್ಟುಗಳಿಂದ ಗೆದ್ದು ಆ ಪ್ರಾರ್ಥನೆಯನ್ನು ಮುಗಿಸಿತು.

ಇತ್ತ ನಾಡಿನಲ್ಲಿ ನಡೆದುದು ಏನು? ಮೊದಲ ಸೋಲಿನ ಸುದ್ದಿ ಬಂದ ಕೂಡಲೆ ರಾಂಚಿಯಲ್ಲಿ ಧೋನಿಯವರು ಕಟ್ಟಿಸುತ್ತಿದ್ದ ಮನೆಯ ಮೇಲೆ ಗುಂಪೊಂದು ನುಗ್ಗಿ ಗೋಡೆಗಳನ್ನು ಕೆಡವಿತು. ಊರೂರುಗಳಲ್ಲಿ ಆಟಗಾರರ ಪ್ರತಿಕೃತಿಗಳನ್ನು ಸುಟ್ಟರು. ಬದುಕಿರುವವರಿಗೆ ಅಣಕು ಶವಯಾತ್ರೆ ಮಾಡಿದರು. ಹಿಂದಿನ ವಾರ ಅದೇ ಚಿತ್ರಪಟಗಳಿಗೆ ಹೂಮಾಲೆ ಹಾಕಿ ಆರತಿ ಎತ್ತಿದವರೂ ಆ ಗುಂಪಿನಲ್ಲಿ ಇದ್ದಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಪೂಜೆಯ ಆವೇಶಕ್ಕೂ ದಹನದ ಆವೇಶಕ್ಕೂ ಬೇಕಾಗುವ ಮನಸ್ಸು ಬಹುಮಟ್ಟಿಗೆ ಒಂದೇ.

ಆದರೆ ಆ ಮಾರ್ಚಿ ತಿಂಗಳ ಅತ್ಯಂತ ವಿಷಾದಕರವಾದ ಸಂಗತಿ ಭಾರತದ್ದಲ್ಲ. ಭಾರತವು ಸೋತ ದಿನವೇ ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಪಾಕಿಸ್ತಾನದ ತಂಡವು ಐರ್ಲೆಂಡಿನ ಎದುರು ಸೋತಿತು. ಮರುದಿನ ಪಾಕಿಸ್ತಾನ ತಂಡದ ತರಬೇತುದಾರರಾದ ಬಾಬ್ ವೂಲ್ಮರ್ ಅವರು ಹೋಟೆಲಿನ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದು, ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಐವತ್ತೆಂಟು ವರ್ಷ, ಹುಟ್ಟಿದ್ದು ಕಾನ್ಪುರದಲ್ಲಿ. ನಾಲ್ಕು ದಿನಗಳಲ್ಲಿ ಪೊಲೀಸರು ಇದು ಕೊಲೆಯೆಂದು ಸಾರಿದರು. ಜೂನ್ ತಿಂಗಳಲ್ಲಿ, ಅಲ್ಲ, ಸಹಜವಾದ ಮರಣವೆಂದರು. ನವೆಂಬರಿನಲ್ಲಿ ವಿಚಾರಣೆಯ ಪಂಚರು ಯಾವುದನ್ನೂ ನಿಶ್ಚಯಿಸಲಾರದೆ ಬಿಟ್ಟರು. ಇಲ್ಲಿ ಗಮನಿಸತಕ್ಕದ್ದು ಆ ಮರಣದ ಕಾರಣವಲ್ಲ. ಒಂದು ಆಟದ ಸೋಲಿಗಾಗಿ ಒಬ್ಬ ಮನುಷ್ಯನನ್ನು ಕೊಂದಿರಬಹುದು ಎಂಬ ಮಾತು ಹೊರಟಾಗ, ಹಲವು ದೇಶಗಳ ಸುಶಿಕ್ಷಿತ ಜನರು ಅದನ್ನು ಅಸಂಭವವೆಂದು ತಳ್ಳಿಹಾಕಲಿಲ್ಲ. ಹಾಗೆ ಆಗಬಹುದು ಎಂದು ನಂಬುವಷ್ಟು ದೂರಕ್ಕೆ ಜನರ ಮನಸ್ಸು ಆಗಲೇ ಹೋಗಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಕನ್ನಡ ಭಾಷೆಗೆ ಒಂದು ಸೌಕರ್ಯವುಂಟು: ಕರ್ತೃಪದವನ್ನು ಬಿಟ್ಟರೂ ಕ್ರಿಯಾಪದದ ಕೊನೆಯೇ ಅದನ್ನು ಹೇಳಿಬಿಡುತ್ತದೆ. ಪಂದ್ಯದ ಮರುದಿನ ಪೇಟೆಯಲ್ಲಿಯೋ ರೈಲಿನಲ್ಲಿಯೋ ಜನ ಆಡಿಕೊಳ್ಳುವ ಮಾತನ್ನು ಕಿವಿಗೊಟ್ಟು ಕೇಳಿದರೆ, ಜಯವಾಗಿದ್ದಾಗ "ಗೆದ್ದೆವು" ಎಂಬ ಮಾತೂ, ಅಪಜಯವಾಗಿದ್ದಾಗ "ಸೋತರು" ಎಂಬ ಮಾತೂ ಕೇಳಿಬರುವುದು. ಒಂದೇ ತಂಡ, ಒಂದೇ ಬಾಯಿ. ಉತ್ತಮ ಪುರುಷವು ಒಂದು ರಾತ್ರಿಯಲ್ಲಿ ಪ್ರಥಮ ಪುರುಷವಾಗಿಬಿಡುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಗಾದೆಯನ್ನು ಮಾಡಿದವರಿಗೆ ಈ ವ್ಯಾಕರಣ ಚೆನ್ನಾಗಿ ತಿಳಿದಿತ್ತು.

ಇದು ಬರಿಯ ಮಾತಿನ ಚಾಪಲ್ಯವಲ್ಲ. ನ್ಯಾಯದ ಲೆಕ್ಕದಲ್ಲಿ ಒಂದು ದೋಷ. ಪಾಲುದಾರಿಕೆಯ ವ್ಯಾಪಾರದಲ್ಲಿ ಲಾಭಕ್ಕೆ ಪಾಲು ಕೇಳುವವನು ನಷ್ಟಕ್ಕೂ ಪಾಲುಗಾರನು. ನೋಡುವ ಜನರು ನಿಜವಾಗಿಯೂ ಆ ಹನ್ನೊಂದು ಮಂದಿಯೊಡನೆ ಒಂದೇ "ನಾವು" ಆಗಿದ್ದರೆ, ಸೋಲೂ ಅವರದೇ. ತಮ್ಮ ಸೋಲಿಗಾಗಿ ಇನ್ನೊಬ್ಬನ ಮನೆಯ ಗೋಡೆಯನ್ನು ಕೆಡಹುವುದಕ್ಕೆ ಕಾರಣ ಉಳಿಯುವುದಿಲ್ಲ. ಒಂದು ವೇಳೆ ಅವರೂ ಆಟಗಾರರೂ ಬೇರೆಬೇರೆಯೆನ್ನುವುದಾದರೆ, ಗೆಲುವಿನ ದಿನದ ಪಟಾಕಿಗೂ ಅಧಿಕಾರವಿಲ್ಲ. ಸೋಲಿನ ದಿನ ಅವಮಾನವಾಯಿತೆನ್ನುವುದಕ್ಕೂ ಎಡೆಯಿಲ್ಲ, ಏಕೆಂದರೆ ಪರರ ಸೋಲಿನಿಂದ ಯಾರಿಗೂ ಮಾನಹಾನಿಯಾಗದು. ಯಾವ ಕಡೆಯಿಂದ ಹೋದರೂ ಪ್ರತಿಕೃತಿಗೆ ಬೆಂಕಿಯಿಡುವ ಹಕ್ಕು ಕೈಗೆ ಸಿಕ್ಕುವುದಿಲ್ಲ.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಆಟಗಾರರು ದೇಶದ ಪ್ರತಿನಿಧಿಗಳಲ್ಲವೆ? ಪ್ರತಿನಿಧಿಯಾದವನು ತನ್ನನ್ನು ಕಳುಹಿಸಿದವರಿಗೆ ಉತ್ತರ ಹೇಳಬೇಕಲ್ಲವೆ? ಕಾನೂನಿನ ದೃಷ್ಟಿಯಿಂದ ಈ ವಿಷಯ ಒಮ್ಮೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ತಂಡವನ್ನು ಆಯುವ ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯು ೧೯೨೮ರಲ್ಲಿ ಹುಟ್ಟಿದ ಒಂದು ಖಾಸಗಿ ಸಂಘ. ಅದು ಸಂವಿಧಾನದ ಅರ್ಥದಲ್ಲಿ "ಪ್ರಭುತ್ವ"ವಲ್ಲವೆಂದು ೨೦೦೫ರಲ್ಲಿ ಐವರು ನ್ಯಾಯಾಧೀಶರ ಪೈಕಿ ಮೂವರು ತೀರ್ಪಿತ್ತರು. ಆದರೂ ದೇಶದ ತಂಡವನ್ನು ಆಯುವಂಥ ಕೆಲಸಗಳು ಸಾರ್ವಜನಿಕ ಕರ್ತವ್ಯವನ್ನು ಹೋಲುತ್ತವೆಂದು ಅವರೇ ಒಪ್ಪಿಕೊಂಡರು. ಈ ತೀರ್ಪಿನ ಎರಡು ಮುಖಗಳು ಸಾಮಾನ್ಯ ಜನರ ಗೊಂದಲಕ್ಕೂ ಸರಿಯಾಗಿ ಹೊಂದುತ್ತವೆ. ತಂಡ ದೇಶದ್ದೂ ಹೌದು, ಅಲ್ಲವೂ ಹೌದು.

ಕಾನೂನನ್ನು ಬದಿಗಿಟ್ಟು ನೋಡಿದರೂ, ಪ್ರತಿನಿಧಿ ಎಂಬ ಮಾತಿಗೆ ಹಲವು ಅರ್ಥಗಳುಂಟು. ಶಾಸನಸಭೆಯ ಸದಸ್ಯನು ಜನರ ಪರವಾಗಿ ನಿರ್ಣಯ ಮಾಡುವವನು. ಅವನ ತಪ್ಪಿನಿಂದ ಜನರ ಅನ್ನ, ನೀರು, ತೆರಿಗೆಗಳಿಗೆ ಧಕ್ಕೆ ತಗಲುತ್ತದೆ. ಆದುದರಿಂದ ಅವನು ಉತ್ತರ ಹೇಳಲೇಬೇಕು. ಆಟಗಾರನು ಜನರ ಪರವಾಗಿ ಏನನ್ನೂ ನಿರ್ಣಯಿಸುವುದಿಲ್ಲ. ಅವನು ಸೋತರೆ ಯಾರ ಹೊಲವೂ ಒಣಗುವುದಿಲ್ಲ. ಅವನು ಹೊತ್ತದ್ದು ಹೆಸರು ಮಾತ್ರ. ಹೆಸರನ್ನು ಹೊತ್ತವನಿಗೆ ಅದಕ್ಕೆ ಮಸಿ ಬಳಿಯದಿರುವ ಕರ್ತವ್ಯ ಉಂಟು. ಮೋಸ, ಅಲಸಿಕೆ, ದುರ್ನಡತೆಗಳಿಂದ ಮಸಿ ಹತ್ತುತ್ತದೆ. ಸೋಲಿನಿಂದ ಹತ್ತುವುದಿಲ್ಲ. ಹತ್ತುವುದೆಂದಾದರೆ, ಪ್ರತಿಯೊಂದು ಪಂದ್ಯದಲ್ಲಿಯೂ ಯಾವುದಾದರೊಂದು ದೇಶ ಮಾನಗೆಡಲೇಬೇಕು. ಅಂಥ ಆಟವನ್ನು ಆಡಿಸುವುದೇ ಅಧರ್ಮವಾದೀತು.

ಹಣದ ಮಾತನ್ನೂ ಎತ್ತುವವರುಂಟು: ಕೋಟಿಗಟ್ಟಲೆ ಸಂಪಾದಿಸುವವರಿಗೆ ಸೋಲಲು ಏನು ಹಕ್ಕು? ಸಂಬಳ ತೆಗೆದುಕೊಳ್ಳುವ ವೈದ್ಯನಿಗೆ ರೋಗಿ ಸಾಯಲು ಬಿಡುವ ಹಕ್ಕು ಏನು ಎಂದು ಕೇಳಿದಂತೆಯೇ ಇದು. ವೈದ್ಯನು ಶುಲ್ಕ ಪಡೆಯುವುದು ವಿದ್ಯೆಗೂ ಎಚ್ಚರಕ್ಕೂ, ಆಯುಸ್ಸಿಗಲ್ಲ. ಎಚ್ಚರ ತಪ್ಪಿದರೆ ಅವನನ್ನು ಹಿಡಿದು ಕೇಳಬಹುದು. ಆಟಗಾರನನ್ನೂ ಹಾಗೆಯೇ. ೨೦೦೦ನೆಯ ಇಸವಿಯ ಜನವರಿಯಲ್ಲಿ ಸೆಂಚೂರಿಯನ್ ಎಂಬ ಊರಿನಲ್ಲಿ ಮಳೆಯಿಂದ ಕೆಟ್ಟುಹೋಗಿದ್ದ ಒಂದು ಟೆಸ್ಟ್ ಪಂದ್ಯದಲ್ಲಿ, ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನ್ಯೆ ತಮ್ಮ ತಂಡದ ಒಂದು ಸರದಿಯನ್ನೇ ಬಿಟ್ಟುಕೊಟ್ಟು ಇಂಗ್ಲೆಂಡಿಗೆ ಗೆಲ್ಲುವ ಅವಕಾಶ ಮಾಡಿಕೊಟ್ಟರು, ಇಂಗ್ಲೆಂಡು ಗೆದ್ದಿತು. ಆಟದ ಮೇಲಿನ ಪ್ರೀತಿಯಿಂದ ತೋರಿದ ಔದಾರ್ಯವೆಂದು ಅಂದು ಅದನ್ನು ಹೊಗಳಿದವರುಂಟು. ಆ ಔದಾರ್ಯದ ಹಿಂದೆ ಜೂಜುಕೋರನೊಬ್ಬನ ಹಣವೂ ಒಂದು ಚರ್ಮದ ಕೋಟೂ ಇದ್ದುವೆಂಬುದು ಕೆಲವು ತಿಂಗಳಲ್ಲಿ ಬಯಲಾಯಿತು. ಅಲ್ಲಿ ನೋಡಿದವರಿಗೆ ಆದದ್ದು ನಿಜವಾದ ವಂಚನೆ. ಮೈದಾನದ ಸುತ್ತ ಕುಳಿತವರು ಚಪ್ಪಾಳೆ ತಟ್ಟುತ್ತಿದ್ದಾಗಲೇ ಅವರ ಋಣವನ್ನು ಮುರಿದಾಗಿತ್ತು. ಪೋರ್ಟ್ ಆಫ್ ಸ್ಪೇನಿನಲ್ಲಿ ನಡೆದದ್ದು ಈ ಜಾತಿಯದಲ್ಲ. ಅಲ್ಲಿ ಸೌರವ್ ಗಂಗೂಲಿಯವರು ೧೨೯ ಚೆಂಡುಗಳನ್ನು ಎದುರಿಸಿ ೬೬ ರನ್ನು ಮಾಡಿದರು. ನಿಧಾನವಾಯಿತು ಎನ್ನಬಹುದು, ಆಡಲಿಲ್ಲ ಎನ್ನಲಾಗದು.

ಹೀಗೆಂದ ಮಾತ್ರಕ್ಕೆ ಸೋತ ತಂಡವನ್ನು ವಿಮರ್ಶಿಸಲೇ ಕೂಡದೆಂದು ಅರ್ಥವಲ್ಲ. ಅಂದಿನ ತಂಡದಲ್ಲಿ ತರಬೇತುದಾರ ಗ್ರೆಗ್ ಚಾಪೆಲ್ ಅವರಿಗೂ ಹಿರಿಯ ಆಟಗಾರರಿಗೂ ಸರಿಬೀಳದಿದ್ದುದು ಗುಟ್ಟಾಗಿರಲಿಲ್ಲ. ಅವರು ಏಪ್ರಿಲಿನಲ್ಲಿ ಸ್ಥಾನ ಬಿಟ್ಟು ಹೋದರು. ಯಾರನ್ನು ಆಯಬೇಕಿತ್ತು, ಯಾರು ಯಾವ ಕ್ರಮಾಂಕದಲ್ಲಿ ಆಡಬೇಕಿತ್ತು ಎಂಬ ಚರ್ಚೆಗೆ ಎಲ್ಲರಿಗೂ ಅಧಿಕಾರವಿದೆ. ಬಲ್ಲವರು ಮಾಡಿದರೆ ಉಪಕಾರವೂ ಇದೆ. ವಿಮರ್ಶಕನು ತಪ್ಪನ್ನು ಹುಡುಕುತ್ತಾನೆ. ಅಣಕು ಶವಯಾತ್ರೆಯವನಿಗೆ ಬೇಕಾದದ್ದು ತಪ್ಪಿತಸ್ಥ.

ಹಾಗಾದರೆ ವಚನ ಕೊಟ್ಟವರು ಯಾರೂ ಇಲ್ಲವೆ? ಇದ್ದಾರೆ. ಪಂದ್ಯಕ್ಕೆ ತಿಂಗಳುಗಳ ಮೊದಲೇ ಪಾನೀಯ, ವಾಹನ, ಟೆಲಿವಿಷನ್ನುಗಳನ್ನು ಮಾರುವವರು ಕಪ್ಪು ಬಂದೇ ಬಿಟ್ಟಿತೆಂಬಂತೆ ಜಾಹೀರಾತುಗಳನ್ನು ಹೊರಡಿಸಿದ್ದರು. ಆ ಚಿತ್ರಗಳಲ್ಲಿ ನಗುತ್ತ ನಿಂತು ಹಣ ಪಡೆದವರು ಆಟಗಾರರೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಷ್ಟರ ಮಟ್ಟಿಗೆ ಅವರೂ ಆ ಭ್ರಮೆಯ ಪಾಲುಗಾರರು. ಆದರೂ ಜಾಹೀರಾತನ್ನು ನೋಡಿ ಸೋಪು ಕೊಂಡವನು ಮೈ ಬೆಳ್ಳಗಾಗಲಿಲ್ಲವೆಂದು ಚಿತ್ರದಲ್ಲಿದ್ದ ನಟಿಯ ಮನೆಗೆ ಕಲ್ಲು ಹೊಡೆಯುವುದಿಲ್ಲ. ಸೋಪಿನ ವಿಷಯದಲ್ಲಿ ಇರುವ ವಿವೇಕವು ಆಟದ ವಿಷಯದಲ್ಲಿ ಏಕೆ ಮಾಯವಾಗುತ್ತದೆಂದರೆ, ಸೋಪಿನೊಡನೆ ಯಾರೂ ತಮ್ಮ ಹೆಮ್ಮೆಯನ್ನು ಕಟ್ಟಿರುವುದಿಲ್ಲ.

ಈ ಹೆಮ್ಮೆಯು ಮಾಡುವ ಇನ್ನೊಂದು ಅನ್ಯಾಯವು ಹೆಚ್ಚಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಸ್ತುತಃ ಅದೇ ದೊಡ್ಡದು. ಮಾರ್ಚಿ ೧೭ರ ಪಂದ್ಯವನ್ನು ಭಾರತದಲ್ಲಿ ಎಲ್ಲರೂ "ಭಾರತ ಸೋತ ಪಂದ್ಯ"ವೆಂದು ನೆನೆಯುತ್ತಾರೆ. ಬಾಂಗ್ಲಾದೇಶ ಗೆದ್ದ ಪಂದ್ಯವೆಂದು ನೆನೆಯುವವರು ಎಷ್ಟು ಮಂದಿ? ಹಿಂದಿನ ದಿನ ಬಾಂಗ್ಲಾದೇಶದ ಖುಲ್ನಾ ನಗರದ ಬಳಿ ಮೋಟಾರ್ ಸೈಕಲ್ ಅಪಘಾತದಲ್ಲಿ ಮಂಜುರುಲ್ ಇಸ್ಲಾಂ ರಾಣಾ ಎಂಬ ಇಪ್ಪತ್ತೆರಡು ವರ್ಷದ ಆಟಗಾರನು ಮೃತಪಟ್ಟಿದ್ದನು. ಆತನು ದೇಶದ ತಂಡಕ್ಕೆ ಆಡಿದ್ದವನು. ವೇಗದ ಬೌಲರ್ ಮಷ್ರಫೆ ಮೊರ್ತಜಾ ಅವರಿಗೆ ಆಪ್ತಮಿತ್ರನು. ಸಾವಿರಾರು ಮೈಲಿ ದೂರದಲ್ಲಿ ಸ್ನೇಹಿತನ ಮರಣವಾರ್ತೆಯನ್ನು ಕೇಳಿದ ಮಷ್ರಫೆ ಮರುದಿನ ಚೆಂಡು ಹಿಡಿದು ೩೮ ರನ್ನು ಕೊಟ್ಟು ನಾಲ್ಕು ವಿಕೆಟ್ಟುಗಳನ್ನು ತೆಗೆದರು. ಅನಂತರ ಬ್ಯಾಟು ಹಿಡಿದು ಐವತ್ತು ದಾಟಿದ ತಮೀಮ್ ಇಕ್ಬಾಲ್, ಮುಷ್ಫಿಕುರ್ ರಹೀಂ, ಶಾಕಿಬ್ ಅಲ್ ಹಸನ್ ಈ ಮೂವರಲ್ಲಿ ಒಬ್ಬರಿಗೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ತಮೀಮ್‌ಗೆ ಹದಿನೆಂಟು ತುಂಬಲು ಇನ್ನೂ ಮೂರು ದಿನ ಬಾಕಿಯಿತ್ತು. ಮೂರು ವಾರಗಳ ತರುವಾಯ ಅದೇ ತಂಡವು ದಕ್ಷಿಣ ಆಫ್ರಿಕವನ್ನೂ ೬೭ ರನ್ನುಗಳಿಂದ ಸೋಲಿಸಿತು. ಇಷ್ಟೆಲ್ಲ ಇದ್ದೂ, ಸೋತವರ ನಾಡಿನ ಮಾತಿನಲ್ಲಿ ಆ ಹುಡುಗರು ಇರಲೇ ಇಲ್ಲ. ಭಾರತದ ಆಟಗಾರರು ಯಾರ ಎದುರೂ ಇಲ್ಲದ ಬಯಲಿನಲ್ಲಿ ತಾವಾಗಿ ಎಡವಿ ಬಿದ್ದರೋ ಎಂಬಂತೆ ಚರ್ಚೆ ನಡೆಯಿತು. "ಇಂಥವರ ಕೈಯಲ್ಲಿ ಸೋಲುವುದೆ?" ಎಂಬ ಮಾತಿನಲ್ಲಿ ತನ್ನವರ ಮೇಲಿನ ಕೋಪ ಎಷ್ಟಿದೆಯೋ ಎದುರಾಳಿಯ ಮೇಲಿನ ತಾತ್ಸಾರವೂ ಅಷ್ಟೇ ಇದೆ. ಸೋತವನಿಗೆ ಉಳಿದಿರುವ ಒಂದೇ ಸೌಜನ್ಯವೆಂದರೆ ಗೆದ್ದವನನ್ನು ಕಣ್ಣೆತ್ತಿ ನೋಡುವುದು; ಅದನ್ನೂ ಮಾಡದವನು ಆಟವನ್ನು ನೋಡಿದವನೇ ಅಲ್ಲ, ಕನ್ನಡಿಯನ್ನು ನೋಡಿದವನು.

ಇಷ್ಟು ಕೇಳಿದ ಮೇಲೆ ಕೆಲವು ವಿರಕ್ತ ಮಹನೀಯರು, "ಆದುದರಿಂದಲೇ ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು, ಆಟ ಆಟವಷ್ಟೆ, ಫಲಾಪೇಕ್ಷೆಯಿಲ್ಲದೆ ಆಡಬೇಕು, ನೋಡಬೇಕು" ಎಂದು ಗೀತೆಯನ್ನು ಮುಂದಿಡುವುದುಂಟು. ಈ ಸಮಾಧಾನ ಬಹಳ ಸುಲಭವಾದದ್ದು, ಆದುದರಿಂದ ಸಂಶಯಾಸ್ಪದವಾದದ್ದು. ಚೆಂಡು ಗೆರೆಯನ್ನು ದಾಟಿದರೆ ಜಗತ್ತಿನಲ್ಲಿ ಒಂದು ಕಾಳೂ ಹೆಚ್ಚಾಗಿ ಬೆಳೆಯುವುದಿಲ್ಲ, ನಿಜ. ಆದರೂ ಅದು ದಾಟಬೇಕೆಂದು ಪೂರ್ಣಮನಸ್ಸಿನಿಂದ ಬಯಸದವನು ಆಡುತ್ತಿಲ್ಲ. ಬಯಸದೆ ನೋಡುವವನು ನೋಡುತ್ತಿಲ್ಲ. ಆಟದ ಒಳಗೆ ಫಲವನ್ನು ಬಯಸಲೇಬೇಕು. ಆಟ ಮುಗಿದ ಮೇಲೆ ಅದನ್ನು ಕೈಬಿಡಬೇಕು. ಬಯಸದೆ ಇರುವುದಕ್ಕಿಂತ ಬಯಸಿ ಬಿಡುವುದು ಕಷ್ಟ. ಸೋಲಿನ ರಾತ್ರಿ ಊಟ ಸೇರದ ಹುಡುಗನನ್ನು ಗದರಿಸುವ ಹಿರಿಯರು ಇದನ್ನು ಮರೆಯುತ್ತಾರೆ. ಆ ಹುಡುಗನ ದುಃಖದಲ್ಲಿ ತಪ್ಪೇನೂ ಇಲ್ಲ. ಅದು ಅವನದೇ ಆಗಿ ಉಳಿದಿರುವವರೆಗೂ, ಇನ್ನೊಬ್ಬನ ಮೇಲಿನ ಬಾಕಿಯಾಗಿ ಮಾರ್ಪಡದಿರುವವರೆಗೂ, ಅದು ಪ್ರೀತಿಯ ಇನ್ನೊಂದು ರೂಪವೇ.

ಈ ಮಾರ್ಪಾಡು ಆಗಲೇಬೇಕೆಂದೇನೂ ಇಲ್ಲ. ಇದೇ ದೇಶದ ಎರಡು ಮೈದಾನಗಳು ಅದಕ್ಕೆ ಸಾಕ್ಷಿ. ೧೯೯೬ರ ಮಾರ್ಚಿ ೧೩ನೆಯ ತಾರೀಖು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ವಿಶ್ವಕಪ್ಪಿನ ಉಪಾಂತ್ಯ ಪಂದ್ಯ. ಶ್ರೀಲಂಕೆಯ ೨೫೧ನ್ನು ಬೆನ್ನಟ್ಟಿದ ಭಾರತವು ಒಂದು ವಿಕೆಟ್ಟಿಗೆ ೯೮ ಇದ್ದದ್ದು, ಎಂಟು ವಿಕೆಟ್ಟಿಗೆ ೧೨೦ ಆಯಿತು. ಜನರು ಬಾಟಲಿಗಳನ್ನು ಎಸೆದರು, ಪೀಠಗಳಿಗೆ ಬೆಂಕಿಯಿಟ್ಟರು. ಆಟ ಅಲ್ಲಿಗೇ ನಿಂತು ಶ್ರೀಲಂಕೆಗೆ ಜಯವನ್ನು ಕೊಡಲಾಯಿತು. ವಿನೋದ್ ಕಾಂಬ್ಳಿ ಅಳುತ್ತ ಹೊರಗೆ ಬಂದರು. ಮೂರು ವರ್ಷ ಕಳೆದು ೧೯೯೯ರ ಜನವರಿ ೩೧ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ, ಬೆನ್ನುನೋವಿನಲ್ಲಿಯೇ ೧೩೬ ರನ್ನು ಮಾಡಿದ ತೆಂಡೂಲ್ಕರ್ ಔಟಾದ ಮೇಲೆ ಉಳಿದವರು ಬೇಗ ಕುಸಿದು, ಪಾಕಿಸ್ತಾನವು ೧೨ ರನ್ನುಗಳಿಂದ ಟೆಸ್ಟ್ ಪಂದ್ಯವನ್ನು ಗೆದ್ದಿತು. ಅಲ್ಲಿದ್ದ ಸಹಸ್ರಾರು ಜನರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಾಕಿಸ್ತಾನದ ಆಟಗಾರರು ಆ ಚಪ್ಪಾಳೆಯ ನಡುವೆ ಮೈದಾನದ ಸುತ್ತ ಒಂದು ಪ್ರದಕ್ಷಿಣೆ ಬಂದರು. ಮದರಾಸಿನವರ ನಿರಾಶೆ ಕಲ್ಕತ್ತೆಯವರ ನಿರಾಶೆಗಿಂತ ಕಡಮೆಯಾಗಿತ್ತೆ? ಹನ್ನೆರಡೇ ರನ್ನು ಉಳಿದಿದ್ದಾಗ ಆದ ಸೋಲು ಹೆಚ್ಚು ನೋಯಿಸುವುದೇ ಸ್ವಾಭಾವಿಕ. ನೋವು ಅಷ್ಟೇ ಇದ್ದು, ಅದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯದವರು ಅವರು.

ಕನ್ನಡಿಗರಿಗೆ ಈ ಬಗೆ ಅಪರಿಚಿತವಾದುದೇನಲ್ಲ. ಊರ ಹೊರಗಿನ ವೀರಗಲ್ಲುಗಳನ್ನು ನಿಲ್ಲಿಸಿದ್ದು ಬಿದ್ದವರಿಗೆ; ತುರುಗಳನ್ನು ಮರಳಿ ತಂದನೋ ಇಲ್ಲವೋ ಎಂಬುದು ಎರಡನೆಯ ಮಾತು. ರನ್ನನು ತನ್ನ ಕಾವ್ಯವನ್ನು ಭೀಮನ ವಿಜಯವೆಂದು ಹೆಸರಿಟ್ಟು ಹೊರಟನು. ಓದಿದವರ ಮನಸ್ಸಿನಲ್ಲಿ ನಿಂತದ್ದು ಸೋತ ದುರ್ಯೋಧನನು.

ದ್ರಾವಿಡ್ ಅವರ ವಿಷಯದಲ್ಲಿ ಒಂದು ಮಾತು ಉಳಿದಿದೆ. ಅವರು ೨೦೦೭ರ ಸೆಪ್ಟೆಂಬರಿನಲ್ಲಿ ನಾಯಕತ್ವವನ್ನು ಬಿಟ್ಟರು. ಮುಂದೆ ತರಬೇತುದಾರರಾಗಿ ಬಂದು, ೨೦೨೩ರಲ್ಲಿ ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದ ತಂಡವು ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯಕ್ಕೆ ಸೋತದ್ದನ್ನೂ ಕಂಡರು. ೨೦೨೪ರ ಜೂನ್ ೨೯ನೆಯ ತಾರೀಖು ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಭಾರತವು ದಕ್ಷಿಣ ಆಫ್ರಿಕವನ್ನು ೭ ರನ್ನುಗಳಿಂದ ಸೋಲಿಸಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಪಡೆಯಿತು. ಹದಿನೇಳು ವರ್ಷಗಳ ಹಿಂದಿನ ಋಣ ತೀರಿತೆಂದು ಅಂದು ಅನೇಕರು ಹರ್ಷದಿಂದ ಹೇಳಿದರು. ಮಾತು ಮಮತೆಯದೇ, ಆದರೆ ಋಣವೊಂದು ಇತ್ತೆಂದು ಅದು ಒಪ್ಪಿಕೊಂಡೇ ಹೊರಡುತ್ತದೆ, ರಾಂಚಿಯ ಗೋಡೆಯನ್ನು ಕೆಡವಿದವರು ಒಪ್ಪಿಕೊಂಡಿದ್ದಂತೆಯೇ. ಬಾರ್ಬಡೋಸಿನ ಏಳು ರನ್ನು ಆಚೆಗೆ ಹೋಗಿದ್ದರೆ ಅವರ ಖಾತೆಯಲ್ಲಿ ಇನ್ನೊಂದು ಬಾಕಿ ಏರುತ್ತಿತ್ತೆ? ೨೦೦೭ರ ಮಾರ್ಚಿ ೨೩ರಂದು ಶ್ರೀಲಂಕೆಯ ಎದುರು, ಒಬ್ಬೊಬ್ಬರಾಗಿ ಉಳಿದವರೆಲ್ಲ ಹಿಂದಿರುಗುತ್ತಿದ್ದಾಗ, ಭಾರತದ ಕಡೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅರವತ್ತು ರನ್ನು ಮಾಡಿದವರು ನಾಯಕರೇ. ಆ ಅರವತ್ತು ಯಾವ ಲೆಕ್ಕದ ಪುಸ್ತಕದಲ್ಲಿಯೂ ಜಮೆಯಾದಂತೆ ಕಾಣುವುದಿಲ್ಲ.